ಬೀದಿ ದಾಟುವವರೆಗೆ ಸದ್ದಿಲ್ಲದ ಉಘೇ

ಬೆಳಗಿನ ನಾಲ್ಕೂವರೆ. ಹನೂರಿನ ಬಡಾವಣೆಯೊಂದರ ಮೂರನೇ ಬೀದಿಯಲ್ಲಿ ಹದಿನೆಂಟು ಜನ ಬರಿಗಾಲಲ್ಲಿ ನಡೆದು ಬರುತ್ತಿದ್ದಾರೆ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು. ಒಬ್ಬರ ಬಾಯಲ್ಲೂ ಮಾತಿಲ್ಲ. ಮುಂದೆ, ಸೊಂಟದಲ್ಲಿ ನೀರಿನ ಬಿಂದಿಗೆ, ಕೈಯಲ್ಲಿ ಟಾರ್ಚು ಹಿಡಿದ ನಲವತ್ತಾರರ ಯಶೋದ. ಮುಖ್ಯರಸ್ತೆ ಸಿಕ್ಕಿದ್ದೇ ನಿಂತು, ಎಲ್ಲರ ಕಾಲಿಗೂ ನೀರು ಹಾಕಿ, "ಈಗ ಕೂಗ್ಕಳಿ" ಎನ್ನುತ್ತಾರೆ. ಹದಿನೆಂಟು ಗಂಟಲಿಂದ "ಉಘೇ ಮಾದಪ್ಪ" ಏಳುತ್ತದೆ.

ಶಾಗ್ಯದಲ್ಲಿ ಹುಟ್ಟಿದ ಯಶೋದ ಈ ಬೀದಿಯ ಒಂದು ಮನೆ ನೋಡಿಕೊಳ್ಳುತ್ತಾರೆ. ಮಾಲೀಕ ಶಿವಶಂಕರ ಇರುವುದು ಮೈಸೂರಿನಲ್ಲಿ. ಐದು ಕೋಣೆ, ಯಾತ್ರಿಕರಿಗೆ ದಿನದ ಬಾಡಿಗೆಗೆ. ದಿನಕ್ಕೆ ಇಪ್ಪತ್ತು ಹೊದಿಕೆ ಒಗೆಯಬೇಕು, ನಾಲ್ಕು ಹಂಡೆ ನೀರು ಕಾಯಿಸಬೇಕು. ಅಮಾವಾಸ್ಯೆ ಬಂದರೆ ಎರಡರಷ್ಟು. ಗಂಡ ಪುಟ್ಟಮಾದಪ್ಪ ಕುಂತೂರಿನ ಕಡೆ ಟ್ರ್ಯಾಕ್ಟರಿಗೆ ಕಬ್ಬು ತುಂಬುತ್ತಿದ್ದವರು. ಬೆನ್ನು ಕೈಕೊಟ್ಟ ಮೇಲೆ ಕುಳಿತಲ್ಲೇ ಹೊದಿಕೆ ಮಡಿಸುತ್ತಾರೆ.

"ಮಡ್ಸದು ನೋಡಿ, ಕಬ್ಬಿನ ಹೊರೆ ಕಟ್ದಂಗೆ. ಮೂಲೆಗೆ ಮೂಲೆ ಕೂಡಲ್ಲ" ಎಂದು ಹೆಂಡತಿ ರೇಗಿಸುತ್ತಾರೆ.

"ಮಲ್ಗೋರು ಮೂಲೆ ನೋಡ್ತಾರಾ, ಓಗಮ್ಮಿ."

ಕಳೆದ ತಿಂಗಳು ಬಾಗಿಲಿಗೆ ಪಟ್ಟಣ ಪಂಚಾಯಿತಿಯ ನೋಟಿಸು ಬಂತು. ವಾಸದ ಬೀದಿಯಲ್ಲಿ ದಿನದ ಬಾಡಿಗೆಗೆ ಮನೆ ಕೊಡಲು ಇನ್ನು ಪರವಾನಗಿ ಬೇಕು. ತಂಗುವವರ ಹೆಸರು ಪುಸ್ತಕದಲ್ಲಿರಬೇಕು, ಬೆಳಗಿನ ಆರರವರೆಗೆ ಗದ್ದಲ ಕೂಡದು, ಪಕ್ಕದ ಮನೆಯವರು ಒಪ್ಪಿ ಸಹಿ ಹಾಕಬೇಕು. ತಿಂಗಳೊಳಗೆ ಸಹಿ ಬಾರದಿದ್ದರೆ ಮನೆಗೆ ಬೀಗ, ಯಶೋದರ ಕೆಲಸಕ್ಕೂ.

ಓದು ಬಾರದ ಯಶೋದ ಯಾವ ಕಾಗದ ಬಂದರೂ ಓದಿಸುವುದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗುರುಮಲ್ಲಪ್ಪನವರ ಹತ್ತಿರ. ಇದನ್ನೂ ಅಲ್ಲಿಗೇ ಒಯ್ದರು. ಮೇಷ್ಟ್ರು ಕನ್ನಡಕ ಹಾಕಿ, ಒಂದಕ್ಷರ ಬಿಡದೆ ಓದಿ ಹೇಳಿ, ಕಾಗದ ಮಡಿಸಿ, "ಯಶೋದಾ, ದೂರು ಕೊಟ್ಟವನು ನಾನೇ ಕಣಮ್ಮ" ಎಂದರಂತೆ.

"ಕ್ವಾಪ ನೆತ್ತಿಗೇರ್ತು. ಬಯ್ಯಕೆ ಬಾಯ್ ತೆಗುದ್ನಾ, ಒಳಗಿಂದ ಅಕ್ಕ ನರಳಿದ್ದು ಕೇಳುಸ್ತು. ಕಾಗ್ದ ಈಸ್ಕಂಡು ಬಂದ್ಬುಟ್ಟೆ" ಎನ್ನುತ್ತಾರೆ ಯಶೋದ.

ಅಕ್ಕ ಎಂದರೆ ಮೇಷ್ಟ್ರ ಮಡದಿ ದೊಡ್ಡಬಸಮ್ಮ. ಮಂಡಿನೋವಿನ ಅವರಿಗೆ ಕಣ್ಣು ಹತ್ತುವುದೇ ಬೆಳಗಿನ ಜಾವಕ್ಕೆ. ಕೂಗು ಏಳುವುದೂ ಆಗಲೇ. ಹೊಸ್ತಿಲು ದಾಟುವಾಗ ಉಘೇ ಎನ್ನದೆ ಯಾತ್ರಿಕರು ಹೆಜ್ಜೆ ಇಡುವವರಲ್ಲ.

ಮಾರನೆಯ ಬೆಳಿಗ್ಗೆಯೇ ಯಶೋದ ಹೊಸ್ತಿಲಿಗೆ ಅಡ್ಡ ನಿಂತರು. ಯಳಂದೂರು ಕಡೆಯ ಹಿರಿಯರೊಬ್ಬರು, "ದ್ಯಾವ್ರ ಎಸ್ರ ಹೇಳಬ್ಯಾಡ ಅಂತೀಯಾ?" ಎಂದು ಎಗರಿಬಿದ್ದರು.

"ಬ್ಯಾಡ ಅನ್ನಲ್ಲ ಕಣಪ್ಪೋ. ಇನ್ನೂರು ಹೆಜ್ಜೆ ಮನಸಲ್ಲಿ ಹೇಳ್ಕಳಿ. ಏಳು ಮಲೆ ಆಚೆಯಿಂದ ಕೇಳುಸ್ಕಳೋನ್ಗೆ ಎದೆ ಒಳಗಿಂದು ಕೇಳಲ್ವಾ?"

ಹಿರಿಯರು ಟವಲಿನಿಂದ ಬಾಯಿ ಮುಚ್ಚಿಕೊಂಡು ನಡೆದರು. ಅಂದಿನಿಂದ ಹೊಸ್ತಿಲಿನ ಉಘೇ ಮುಖ್ಯರಸ್ತೆಗೆ ಹೋಗಿದೆ, ಅಲ್ಲಿಯವರೆಗೆ ಕರೆದೊಯ್ಯುವುದು ಯಶೋದರ ದಿನದ ಕೆಲಸಕ್ಕೆ ಸೇರಿದೆ. ಪುಸ್ತಕದಲ್ಲಿ ಬಂದವರೇ ಹೆಸರು ಬರೆಯುತ್ತಾರೆ. ಪುಟದ ತುಂಬ ಮಹದೇವರೇ.

ಗಡುವಿನ ಹಿಂದಿನ ದಿನ ಮೇಷ್ಟ್ರೇ ಒಪ್ಪಿಗೆಯ ಕಾಗದ ಕೇಳಿ ತರಿಸಿಕೊಂಡರು. "ನಿನ್ನಕ್ಕ ಇವತ್ತು ಏಳು ಗಂಟೆವರೆಗೆ ಮಲಗಿದ್ದಳಮ್ಮ" ಎನ್ನುತ್ತಾ ಸಹಿ ಹಾಕಿ, ಕೆಳಗೊಂದು ಸಾಲು ಬರೆದರು: ಯಶೋದ ಈ ಮನೆ ನೋಡಿಕೊಳ್ಳುತ್ತಿರುವವರೆಗೆ ಮಾತ್ರ ಈ ಒಪ್ಪಿಗೆ.

ತಾವೇ ಒಯ್ದು ಕೊಟ್ಟಾಗ ಪಂಚಾಯಿತಿ ಕಚೇರಿಯ ಗುಮಾಸ್ತರು, "ಇಂಥ ಷರತ್ತಿಗೆಲ್ಲ ಫಾರಮ್ಮಿನಲ್ಲಿ ಜಾಗ ಇಲ್ಲ ಮೇಷ್ಟ್ರೇ" ಎಂದರು.

"ಇಲ್ಲ ಅಂತಲೇ ಅಂಚಿನಲ್ಲಿ ಬರೆದಿದ್ದೀನಿ."

ಪರವಾನಗಿ ಬಂದಿದೆ. ಹದಿನೆಂಟು ಜನರನ್ನು ಬೆಟ್ಟದ ದಾರಿಗೆ ಬಿಟ್ಟು ಬಂದ ಯಶೋದ ಸೆರಗು ಸಿಕ್ಕಿಸಿ ಹೊದಿಕೆ ನೆನೆಹಾಕುತ್ತಾರೆ. ಮೈಸೂರಿನ ಮಾಲೀಕರು ಏನಂದರು ಎಂದು ಕೇಳಿದರೆ ನಗುತ್ತಾರೆ.

"ಏನಂದಾರು ಸಾ? ಮನೆ ಅವುರ್ದು, ಸೈನು ಮೇಷ್ಟ್ರುದು. ನಡುವೆ ಒಂದ್ ಸಾಲು ನಂದಾಯ್ತಲ್ಲ, ಸಾಕು ಬುಡಿ."