ಸಿದ್ದಾರೂಢ ಹೂಗಾರರ ಮೇಲಿನ ಸಾ

ಪುಣೆ ಕಡೆಯ ನಿಗಡಿಯ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಎರಡೇ. ಒಂದು ನಮ್ಮದು, ಇನ್ನೊಂದು ಗೋಡೆಯಾಚೆಯ ಸಿದ್ದಾರೂಢ ಹೂಗಾರರದು. ಇದರಿಂದ ನನಗಾಗಿರುವ ಲಾಭವೆಂದರೆ, ಅವರಿಂದ ಯಾರಿಗೆ ಏನು ತೊಂದರೆಯಾದರೂ ದೂರು ಮೊದಲು ನನ್ನ ಬಾಗಿಲಿಗೆ ಬರುತ್ತದೆ. ಹೂಗಾರರು ಪಿಟೀಲು ಕಲಿಯತೊಡಗಿದ ಮೇಲಂತೂ ನಮ್ಮ ಮನೆಯ ಕರೆಗಂಟೆಗೆ ಪುರುಸೊತ್ತೇ ಇಲ್ಲದಾಯಿತು. ಮೇಲಿನ ಮಹಡಿಯ ಅಜ್ಜಿಗೆ ಮಧ್ಯಾಹ್ನದ ನಿದ್ದೆ ಹಾಳು, ಕೆಳಗಿನವರ ಮಗಳಿಗೆ ಪರೀಕ್ಷೆ. ಕೊನೆಗೆ ಸೆಕ್ರೆಟರಿ ಮೋರೆ ಸ್ವತಃ ಬಂದರು. "ಪ್ರಲ್ಹಾದರಾವ್, ತುಮಚಾ ಮಾಣೂಸ್ ಆಹೆ. ತುಮ್ಹೀಚ್ ಸಾಂಗಾ," ಎಂದರು. ನಿಮ್ಮ ಮನುಷ್ಯ, ನೀವೇ ಹೇಳಿ ಎಂದು. ಬಟ್ಟೆ ಅಂಗಡಿಯಲ್ಲಿ ಕೂತು ದಿನವಿಡೀ ಸೀರೆ ಬಿಡಿಸಿ ತೋರಿಸುವ ನನಗೂ ಸಂಗೀತಕ್ಕೂ ಏನು ಸಂಬಂಧ? ಹೂಗಾರರೂ ನಾನೂ ಒಂದೇ ಭಾಷೆಯಲ್ಲಿ ಬೈಸಿಕೊಂಡು ಬೆಳೆದವರು, ಅಷ್ಟೇ.

ಹೂಗಾರರು ಗದಗಿನ ಕಡೆಯವರು. ಅವರ ಕಾಕಾ ನಾಟಕ ಕಂಪನಿಯೊಂದರಲ್ಲಿ ಪಿಟೀಲು ನುಡಿಸುತ್ತಿದ್ದರಂತೆ. ಪರದೆ ಏಳುವ ಮೊದಲು ಕಾಕಾ ಸಣ್ಣ ತಂತಿಯ ಮೇಲೆ ಮೇಲಿನ ಸಾ ಹಿಡಿದು ಉದ್ದಕ್ಕೆ ಎಳೆದರೆ, ಶೇಂಗಾ ಸುಲಿಯುತ್ತಿದ್ದ ಜನರ ಕೈ ಅಲ್ಲೇ ನಿಲ್ಲುತ್ತಿತ್ತಂತೆ. ಪಿಟೀಲು ಮುಟ್ಟಲು ಹೋದ ಹುಡುಗ ಸಿದ್ದಾರೂಢನಿಗೆ ಮಾತ್ರ ಸಿಕ್ಕಿದ್ದು ಬೈಗುಳ. "ಮದಲ ಹೊಟ್ಟಿಗೆ ಏನರ ದಾರಿ ನೋಡ್ಕೋ" ಎಂದರಂತೆ ಕಾಕಾ. ಆ ದಾರಿ ಪುಣೆಗೆ ತಂದು ಬಿಟ್ಟಿತು. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ, ತಗಡು ಒತ್ತುವ ಯಂತ್ರದ ಮುಂದೆ ಅವರ ಪ್ರಾಯವೆಲ್ಲ ಕಳೆಯಿತು. ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿದರೆ ಇಳಿಯುವುದು ಕತ್ತಲಾದ ಮೇಲೆ. ನಿವೃತ್ತಿಯಾದದ್ದೇ ತಡ, ಪಿಟೀಲು ತಂದರು. ಕಛೇರಿ ಮಾಡುವ ಹುಚ್ಚು ಅವರಿಗಿರಲಿಲ್ಲ. ಒಮ್ಮೆಯಾದರೂ ತನ್ನ ಕೈಯಿಂದ ಆ ಮೇಲಿನ ಸಾ ಹೊರಡಬೇಕು, ಅದನ್ನು ತಾನು ಕೇಳಬೇಕು. ಅವರ ಆಸೆ ಇಷ್ಟೇ.

ಮೋರೆಯವರ ಕಾಟಕ್ಕೆ ಒಂದು ಸಂಜೆ ಹೋದೆ. ಹೂಗಾರರು ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದರು. ಪಿಟೀಲಿನ ತಲೆ ಬಲಗಾಲಿನ ಹರಡಿನ ಮೇಲಿತ್ತು. ಮಂಡಿ ಮಡಚಲು ಬಾರದೆ ಕಾಲ ಕೆಳಗೊಂದು ದಿಂಬು. ನನ್ನನ್ನು ಕಂಡವರೇ ಖುಷಿಯಿಂದ ಕಮಾನು ಎಳೆದರು. ಎಣ್ಣೆ ಕಾಣದ ಗೇಟು ತೆಗೆದಂತಾಯಿತು. ನಾನು ಮನಸ್ಸು ಗಟ್ಟಿ ಮಾಡಿದೆ.

"ಹೂಗಾರ್ರ, ಖರೆ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸ್ವರ ಹತ್ತವಲ್ದು. ಮೇಲಿನ ಸಾ ಅಂತೂ ಎಲ್ಲೋ ಹೊಂಟದ."

ಅವರು ಸಿಟ್ಟಾಗಿದ್ದರೆ ನನಗೂ ಸುಲಭವಾಗುತ್ತಿತ್ತು. ಅವರು ನಿಜವಾಗಿ ಆಶ್ಚರ್ಯಪಟ್ಟರು. "ನನಗ ಸರೀನ ಕೇಳಸ್ತೈತಲ್ರೀ! ಥೇಟ್ ಕಾಕಾಂದ. ಇರ್ರಿ, ಇನ್ನೊಮ್ಮೆ ಕೇಳ್ರಿ," ಎಂದು ಮತ್ತೆ ಎಳೆದರು. ಅದೇ ಗೇಟು. ಅವರ ಮುಖದಲ್ಲಿ ಮಾತ್ರ ಮಗು ಮಲಗಿಸಿದವರ ತೃಪ್ತಿ. ಇಂಥ ಮನುಷ್ಯನಿಗೆ ಏನು ಹೇಳುವುದು? ಹೇಳಿದ್ದಾಗಿತ್ತು, ಉಪಯೋಗವಾಗಲಿಲ್ಲ.

ಅವರ ಹೆಂಡತಿ ರೇಣು ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದರು. "ಅಣ್ಣಾರ, ಕುಕ್ಕರ್ ಸೀಟಿ ಹೊಡದ್ರ ಇವರಿಗೆ ಕೇಳಂಗಿಲ್ರಿ. ಭಾಳ ದಿನಾ ಆತು. ದವಾಖಾನಿಗೆ ನಡೀರಿ ಅಂದ್ರ, ನನಗೇನಾಗೇತಿ ಅಂತಾರ."

ಅವರಿಗೆ ಪಿಟೀಲು ಪಾಠ ಹೇಳುವ ಪುನೀತನನ್ನೂ ಕೇಳಿದೆ. ಮೈಸೂರಿನ ಹುಡುಗ, ಖರಾಡಿಯ ಐಟಿ ಕಚೇರಿಯಲ್ಲಿ ಕೆಲಸ, ರವಿವಾರ ಮಾತ್ರ ಇತ್ತ ಬರುತ್ತಾನೆ. "ಅಂಕಲ್ ಕೈ ತುಂಬಾ ಚೆನ್ನಾಗಿ ಕೂತಿದೆ ಸರ್. ಕಮಾನು ಎಳೆಯೋದು ಸೂಪರ್. ಪಿಚ್ ಮಾತ್ರ ಪ್ರಾಬ್ಲಮ್. ತಪ್ಪು ಅಂತ ಅವ್ರಿಗೆ ಕೇಳಿಸ್ತಾನೇ ಇಲ್ಲ ಅನ್ಸುತ್ತೆ," ಎಂದ. ಬೆರಳಿಡುವ ಜಾಗ ತಿಳಿಯಲೆಂದು ಪಿಟೀಲಿನ ಕುತ್ತಿಗೆಗೆ ಬಣ್ಣದ ಚೀಟಿ ಅಂಟಿಸಿ ಕೊಟ್ಟಿದ್ದನಂತೆ. ತಂತಿ ಸಡಿಲಾದ ಮೇಲೆ ಆ ಚೀಟಿಯೂ ಸುಳ್ಳು ಹೇಳತೊಡಗಿತು. ತಂತಿ ಸಡಿಲಾಗಿದೆ ಎಂದು ತಿಳಿಯಲು ಮತ್ತೆ ಕಿವಿಯೇ ಬೇಕು.

ಅಂತೂ ನಾನೂ ರೇಣು ಅವರೂ ಸೇರಿ ಅವರನ್ನು ಚಿಂಚವಡದ ಕಿವಿ ಡಾಕ್ಟರರ ಬಳಿಗೆ ಎಳೆದುಕೊಂಡು ಹೋದೆವು. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಹೊರಗೆ ಕೂತ ಹುಡುಗಿ ಸದ್ದು ಏರಿಸುತ್ತಲೇ ಹೋದಳು. ಹೂಗಾರರು ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ಕೂತೇ ಇದ್ದರು.

ಯಂತ್ರದ ಸದ್ದಿಗೆ ಕಿವಿಯ ಒಳಗು ಸವೆದಿದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಕಾರ್ಖಾನೆಯಲ್ಲಿ ಕಿವಿಗೆ ಬೂಚು ಕೊಟ್ಟಿರಲಿಲ್ಲವೇ ಎಂದು ನಾನು ರಿಕ್ಷಾದಲ್ಲಿ ಅವರ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ.

"ಕೊಟ್ಟಿದ್ರು. ನಾನ ಇಟ್ಕೊಳ್ಳಲಿಲ್ಲ. ಬೂಚ ಇಟ್ಕೊಂಡ್ರ, ಬಾಜೂದಾವ 'ಕೈ ತಗಿ' ಅಂದದ್ದ ಕೇಳಂಗಿಲ್ರಿ. ನನ್ನ ಜೋಡಿ ಇದ್ದಾವ್ರೊಳಗ ಎಷ್ಟ ಮಂದೀದು ಬೆರಳ ಹೋದೂ." ಎರಡೂ ಕೈ ಎತ್ತಿ ತೋರಿಸಿದರು. "ನಂದು ಹತ್ತೂ ಅದಾವ ನೋಡ್ರಿ. ಪಿಟೀಲಿಗೆ ಬೇಕಾಗ್ತಾವಂತ ಉಳಿಸ್ಕೊಂಡೆ."

ರೇಣು ಸೆರಗನ್ನು ಬಾಯಿಗೆ ಒತ್ತಿಕೊಂಡು ರಸ್ತೆಯ ಕಡೆ ಮುಖ ತಿರುಗಿಸಿದರು.

ಕಿವಿಯ ಮಷಿನ್ ಬಂತು. ಮೊದಲ ದಿನ ಮನೆಯಲ್ಲಿ ಹಬ್ಬ. ಕುಕ್ಕರ್ ಕೂಗಿದ್ದಕ್ಕೆ ಬೆಚ್ಚಿಬಿದ್ದರು. ಹೆಂಡತಿಯ ಬಳೆ ಸದ್ದಿಗೆ, "ಏನ್ ಗದ್ಲಾ ಮಾಡ್ತೀಯ ನೀ!" ಎಂದು ನಕ್ಕರು. ಆಮೇಲೆ ನನ್ನನ್ನು ಕರೆಸಿ, ಚಾಪೆ ಹಾಸಿ ಕೂತು, ಕಣ್ಣು ಮುಚ್ಚಿ ಮೇಲಿನ ಸಾ ಎಳೆದರು.

ಕಮಾನು ಅರ್ಧಕ್ಕೇ ನಿಂತಿತು. ಮತ್ತೊಮ್ಮೆ ಎಳೆದರು. ಪಿಟೀಲನ್ನು ಕೆಳಗಿಳಿಸಿ, ಅದು ತಮ್ಮದೇ ಹೌದೋ ಅಲ್ಲವೋ ಎಂಬಂತೆ ತಿರುಗಿಸಿ ನೋಡಿದರು.

"ಪ್ರಲ್ಹಾದರಾವ್ರ, ನೀವೆಲ್ಲಾ ದಿನಾ ಇದನ್ನ ಕೇಳತಿದ್ರೇನ್ರಿ?"

ಅವರಿಗೆ ನಿಜ ಕೇಳಿಸಲಿ ಎಂದು ಕರೆದೊಯ್ದವನೇ ನಾನು. ಈಗ ಕೇಳಿಸಿತು.

ಅದೂ ಪೂರ್ತಿ ನಿಜವಲ್ಲವಂತೆ. ಪಿಟೀಲಿನ ಉದ್ದನೆಯ ಸ್ವರವನ್ನು ಮಷಿನ್ ತಾನೇ ಆಗಾಗ ಹೊಡೆಯುವ ಸೀಟಿ ಎಂದುಕೊಂಡು ಅದುಮುತ್ತದೆ, ಅದಕ್ಕೇ ಸ್ವರ ನಡುಗಿ ಒಡೆಯುತ್ತದೆ ಎಂದು ಪುನೀತ ಎಲ್ಲೋ ಓದಿ ಹೇಳಿದ. ಡಾಕ್ಟರರ ಬಳಿ ಹೋಗಿ ಸರಿ ಮಾಡಿಸಿದೆವು. ಸ್ವಲ್ಪ ಸುಧಾರಿಸಿತು, ಸ್ವಲ್ಪವೇ. ಇದು ಇರುವುದು ಮಾತು ಕೇಳಲಿಕ್ಕೆ, ಸಂಗೀತದ ಖಾತ್ರಿ ಕೊಡಲಾರೆ ಎಂದರು ಡಾಕ್ಟರು.

"ಹಂಗಾರ ಬಾರಸುವಾಗ ಮಷಿನ್ ತಗದಿಡ್ರಿ," ಎಂದೆ. "ಮದಲಿನಂಗ ಬಾರಸ್ರಿ. ಮೋರೆಯವ್ರನ್ನ ನಾ ನೋಡ್ಕೋತೀನಿ."

ತೆಗೆದಿಟ್ಟೂ ನೋಡಿದರು. "ಈಗ ಅದೂ ಆಗವಲ್ದ್ರಿ. ಮದಲ ಕಾಕಾಂದ ಅನಸ್ತಿತ್ತು. ಈಗ ಅಲ್ಲಂತ ಗೊತ್ತಾತಲ್ಲ," ಎಂದರು.

ಪುನೀತ ಪಾಪ ಇನ್ನೊಂದು ಉಪಾಯ ಹೂಡಿದ. ಸ್ವರ ಸರಿಯಾದರೆ ಫೋನಿನ ಪರದೆಯ ಮೇಲೆ ಹಸಿರು ಬಣ್ಣ ಬರುವ ಹಾಗೆ ಮಾಡಿಕೊಟ್ಟ. ಹೂಗಾರರು ಫೋನನ್ನು ಎದುರಿಗಿಟ್ಟು ಬೆರಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ, ಒಂದು ರವಿವಾರ ಹಸಿರು ಬರಿಸಿದರು. ಪುನೀತ ಚಪ್ಪಾಳೆ ತಟ್ಟಿದ. ನನ್ನ ಕಿವಿಗೂ ಗೇಟಿನ ಸದ್ದು ಹೋಗಿ ಏನೋ ಒಂದು ಸ್ವರವೆನಿಸಿತು. ಹೂಗಾರರು ಫೋನನ್ನು ಬೋರಲು ಹಾಕಿದರು. "ಇದು ನೋಡೋದಾತಪಾ. ನನಗ ಕೇಳಬೇಕಾಗೇತಿ." ಪುನೀತನ ಬಳಿ ಬೇರೆ ಉಪಾಯವಿರಲಿಲ್ಲ, ನನ್ನ ಬಳಿ ಮೊದಲೇ ಇರಲಿಲ್ಲ.

ಆಮೇಲೆ ಗೋಡೆಯಾಚೆ ಸದ್ದಿಲ್ಲ. ಮೋರೆಯವರು ಲಿಫ್ಟಿನಲ್ಲಿ ಸಿಕ್ಕಾಗ, ಚಲೋ ಕೆಲಸ ಮಾಡಿದಿರಿ ಎಂದು ನನ್ನ ಬೆನ್ನು ತಟ್ಟಿದರು. ಮೈ ಉರಿಯಿತು. ಹೂಗಾರರು ಪಿಟೀಲು ಬಿಟ್ಟರೆಂದೇ ನಾನೂ ತಿಳಿದಿದ್ದೆ. ಆದರೆ ಹೋದ ವಾರ ಸಂಜೆ ರೇಣು ನನ್ನ ಬಾಗಿಲು ತಟ್ಟಿದರು.

"ಅಣ್ಣಾರ, ಒಂದಿಷ್ಟ ಕೆಳಗ ಹೋಗಿ ಇವರನ್ನ ಕರ್ಕೊಂಡ ಬರ್ರಿ, ಚಾ ಆರಾಕತ್ತೈತಿ. ನೀರಿನ ಪಂಪಿನ ಖೋಲ್ಯಾಗ ಅದಾರ. ಮಂದಿಗೆ ತ್ರಾಸ ಆಗಬಾರ್ದು ಅಂತ, ಮೋಟಾರ್ ಚಾಲೂ ಇದ್ದಾಗ ಅಲ್ಲೇ ಕುಂತ ಬಾರಸ್ತಾರ. ಮಷಿನ್ ಇಲ್ಲೇ ಬಿಟ್ಟ ಹೋಗ್ಯಾರ, ಫೋನ್ ಮಾಡಿದ್ರೂ ಕೇಳಂಗಿಲ್ಲ."

ಕೆಳಗಿಳಿದೆ. ಟ್ಯಾಂಕಿಗೆ ನೀರೇರಿಸುವ ಮೋಟಾರು ಕಿವಿ ಗಡಚಿಕ್ಕುವಂತೆ ಬಡಿದುಕೊಳ್ಳುತ್ತಿತ್ತು. ಹೂಗಾರರು ಗೋಣಿಚೀಲದ ಮೇಲೆ ಕೂತು ನುಡಿಸುತ್ತಿದ್ದರು. ಕಮಾನು ನೆಟ್ಟಗೆ, ಒಂದಿಷ್ಟೂ ನಡುಗದೆ, ತುದಿಯಿಂದ ತುದಿಗೆ ಹೋಗುತ್ತಿತ್ತು. ಬೆರಳು ತಂತಿಯ ಮೇಲೆ ಹಗುರಾಗಿ ಕೂತಿತ್ತು. ಮುಖದಲ್ಲಿ ಎಂದೂ ಕಾಣದ ಶಾಂತಿ. ಬಾಗಿಲಲ್ಲಿ ನಿಂತು ಎಷ್ಟು ನೋಡಿದರೂ ನನಗೆ ಒಂದು ತಪ್ಪೂ ಕಾಣಿಸಲಿಲ್ಲ. ಕಿವಿಗೊಟ್ಟೆ, ಮೈಯೆಲ್ಲ ಕಿವಿಯಾಗಿಸಿಕೊಂಡೆ. ಮೋಟಾರು ಬಿಟ್ಟರೆ ಬೇರೇನೂ ಇಲ್ಲ.

ಕಣ್ಣು ತೆರೆದು ನನ್ನನ್ನು ಕಂಡವರೇ ಗಡಬಡಿಸಿ ಎದ್ದು ಬಂದು, ನನ್ನ ತೋಳು ಹಿಡಿದು ಕೂಗಿ ಕೇಳಿದರು. "ಕೇಳಿದ್ರೇನ್ರಿ? ಈಗ ಎಳದದ್ದು ಕೇಳಿದ್ರೇನು?"

ಇಲ್ಲವೆಂದು ತಲೆಯಾಡಿಸಿದೆ. ಸುಳ್ಳಾದರೂ ಹೇಳಬಹುದಿತ್ತು, ಆ ಗಳಿಗೆಗೆ ಅದೂ ಹೊಳೆಯಲಿಲ್ಲ.

ಅವರ ಕೈ ನನ್ನ ತೋಳಿನಿಂದ ಜಾರಿತು. "ಮೇಲಿನ ಸಾ ಬೆರಳಿಗೆ ಬಂದಂಗಾಗಿತ್ತು," ಎಂದರು. "ನನಗಂತೂ ಕೇಳಂಗಿಲ್ಲ. ಇದ್ದವ್ರು ನೀವೊಬ್ರ. ನಿಮಗೂ ಕೇಳಸಲಿಲ್ಲ."