ಅಕ್ಕ ಒಂದೇ ಸಲ ಕರೆಯುತ್ತಿದ್ದರು

ಸುಳ್ಳು ಅಂತ ಯಾರಾದರೂ ಹೇಳಿ ಫ್ರೆಂಡ್ಸ್...
ನಿನ್ನೆ ತಾನೇ ಆಫೀಸಿನಲ್ಲಿ ನನ್ನ ಡಬ್ಬಿಯಿಂದ ನೀರುದೋಸೆ ಕದ್ದು ತಿಂದ ಶಿವಲೀಲಾ ಅಕ್ಕ
ಇವತ್ತು ಇಲ್ಲವಂತೆ...
ಹಾರ್ಟ್ ಅಟ್ಯಾಕ್.
ಬೆಳಗ್ಗೆ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈ ತೆಲುಗು ಊರಿನ ನಮ್ಮ ಸಾಫ್ಟ್‌ವೇರ್ ಟೆಸ್ಟಿಂಗ್ ಟೀಮಿನಲ್ಲಿ ಕನ್ನಡದವರು ನಾವಿಬ್ಬರೇ.
ನಾನು ಉಡುಪಿ ಕಡೆಯವನು, ಅವರು ಬಾಗಲಕೋಟೆಯವರು.
ಹಿಮಾಯತ್‌ನಗರದ ಬಾಡಿಗೆ ಮನೆಯಲ್ಲಿ ಅವರ ಜೊತೆ ಇದ್ದದ್ದು ಸರದಾರ... ಊರಿಂದ ತಂದ ಮುಧೋಳ ನಾಯಿ.
ಮಹಾ ಹಠಮಾರಿ.

ಭಾನುವಾರ ಬೆಳಗಾದರೆ ಮೂವರೂ ಶಂಶಾಬಾದ್ ಕಡೆಯ ಖಾಲಿ ಲೇಔಟಿಗೆ.
ಮಂಜು... ಇನ್ನೂ ಕಟ್ಟದ ಮನೆಗಳ ಗುರುತುಕಲ್ಲು... ತಲೆಯ ಮೇಲೆ ಎಲ್ಲಿಗೋ ಹೊರಟ ವಿಮಾನ...
ಬೆಲ್ಟ್ ಬಿಚ್ಚಿದರೆ ಸರದಾರ ಆ ಬಿಳುಪಿನೊಳಗೆ ಮಾಯ.
ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ.
ಅಕ್ಕ ನಗುತ್ತಿದ್ದರು.
"ಎಷ್ಟ ಸಲ ಕರೀತಿಯೋ ತಮ್ಮಾ? ಅವಾ ಏನ್ ಕಿವುಡ ಅಲ್ಲ. ಒಂದ ಸಲ ಕರಿ, ಬೆನ್ನ ತಿರುಗಿಸಿ ಕೂಡು. ಬರೂದು ಬಿಡೂದು ಅವನ ಮರ್ಜಿ."
ತಾವೂ ಹಾಗೇ ಕೂರುತ್ತಿದ್ದರು, ಒದ್ದೆ ಹುಲ್ಲಿನ ಮೇಲೆ, ಫ್ಲಾಸ್ಕಿನ ಚಹಾ ಹಿಡಿದು...
ಚಹಾ ಆರುವ ಹೊತ್ತಿಗೆ ಮಂಜಿನಿಂದ ನೀಳ ಕಾಲುಗಳು ಮೂಡುತ್ತಿದ್ದವು.
ಬಂದವನು ಅಕ್ಕನ ಬೆನ್ನಿಗೆ ಒರಗಿ ಕೂರುತ್ತಿದ್ದ.
ಆ ಬೆಳಗುಗಳು ನಿಜವೋ ಕನಸೋ... ಈಗ ಗೊತ್ತಾಗುತ್ತಿಲ್ಲ.

ಅಕ್ಕಾ... ಕೇಳಿಸುತ್ತಿದೆಯಾ?
ಮಧ್ಯಾಹ್ನ ಕಲಬುರಗಿಯಿಂದ ನಿಮ್ಮ ಅಣ್ಣ ಬಂದು ನಿಮ್ಮನ್ನು ಊರಿಗೆ ಕರೆದೊಯ್ದರು.
"ಈ ನಾಯಿ ಹೆಂಗ ಒಯ್ಯೂದ್ರೀ? ಯಾರ ಕೈಗೂ ಸಿಗವಲ್ದು" ಅಂದರು.
"ನನ್ನ ಹತ್ತಿರ ಇರಲಿ" ಅಂದುಬಿಟ್ಟೆ.
ಅವನು ಬರಬೇಕಲ್ಲ...
ಆಂಬುಲೆನ್ಸ್ ಹೋದ ದಿಕ್ಕಿಗೆ ಮುಖ ಮಾಡಿ ಗೇಟಿನ ಹೊರಗೆ ನಿಂತಿದ್ದ.
ಆ ಟ್ರಾಫಿಕ್ಕಿನಲ್ಲಿ ಓಡಿದನೆಂದರೆ ಕತೆ ಮುಗಿಯಿತು.
ಕರೆದೆ, ಗದರಿದೆ, ಬಿಸ್ಕೆಟ್ ತೋರಿಸಿದೆ.
ಮನೆ ಓನರ್ ಆಂಟಿ "ರಾ ನಾನ್ನಾ, ರಾ" ಅಂತ ತೆಲುಗಿನಲ್ಲಿ, ಕಂದನನ್ನು ಕರೆದಂತೆ ಅಂಗಲಾಚಿದರು.
ಹತ್ತಿರ ಹೋದಷ್ಟೂ ರಸ್ತೆಯ ಕಡೆಗೇ ಸರಿದ.

ಆಗ ನಿಮ್ಮ ಮಾತು ನೆನಪಾಯಿತು.
"ಸರದಾರ, ಬಾ."
ಅಷ್ಟೇ. ಬೆನ್ನು ತಿರುಗಿಸಿ ಮೆಟ್ಟಿಲ ಮೇಲೆ ಕೂತೆ.
ಹಿಂದೆ ಹಾರ್ನ್... ಬ್ರೇಕ್ ಸದ್ದು...
ಅಕ್ಕಾ, ಆದರೂ ತಿರುಗಲಿಲ್ಲ.
ಬೀದಿದೀಪಗಳು ಹೊತ್ತಿಕೊಂಡವು.
ಬೆನ್ನಿಗೆ ಏನೋ ಬೆಚ್ಚಗೆ ಒರಗಿತು.
ಅತ್ತುಬಿಟ್ಟೆ.

ಈಗ ನನ್ನ ರೂಮಿನಲ್ಲಿ ಮಲಗಿದ್ದಾನೆ, ಬಾಗಿಲಿಗೆ ಮುಖ ಮಾಡಿ.
ಮೊಸರನ್ನ ಮುಟ್ಟಿಲ್ಲ... ನಾಳೆ ತಿಂದಾನು. ಅವನ ಮರ್ಜಿ.

ಸ್ವಿಚ್ ಆಫ್ ಆದ ನಿಮ್ಮ ನಂಬರಿಗೆ ಬೆಳಗ್ಗಿನಿಂದ ಕಾಲ್ ಮಾಡುತ್ತಲೇ ಇದ್ದೆ...
ಇನ್ನು ಮಾಡುವುದಿಲ್ಲ.

ಶಿವಲೀಲಾ ಅಕ್ಕಾ...

ಒಂದೇ ಸಲ ಕರೆದಿದ್ದೇನೆ.
ಬೆನ್ನು ತಿರುಗಿಸಿ ಕೂತಿದ್ದೇನೆ, ಅವನ ಬೆನ್ನಿಗೆ ಬೆನ್ನು ತಾಗಿಸಿ.

ನಿಮ್ಮ ಜೀವ ಎಲ್ಲಿದ್ದರೂ ತಣ್ಣಗಿರಲಿ. ಹೋಗಿ ಬನ್ನಿ. 🙏