ಹುಣಸೆಮರದಲ್ಲಿ ಜಾಗ ಸಿಗದ ಪಿಶಾಚಿ

ನಾನು ಬಿ.ಎ. ಓದುತ್ತಿದ್ದ ಕಾಲದಲ್ಲಿ ಮೈಸೂರಿನ ಯಾದವಗಿರಿಯ ಒಂದು ಬಂಗಲೆಯಲ್ಲಿ ಪ್ರತಿ ಭಾನುವಾರ ಸಂಜೆ ಎಂಟು ಹತ್ತು ಜನ ದೊಡ್ಡವರು ಸೇರಿ ಜನಸಾಮಾನ್ಯರಿಗಾಗಿ ಮರುಗುತ್ತಿದ್ದರು. ಮರುಗುವುದಕ್ಕೆ ಬೇಕಾದ ಸೌಕರ್ಯವೆಲ್ಲ ಅಲ್ಲಿತ್ತು. ಬೆತ್ತದ ಕುರ್ಚಿ, ಬಿಸಿ ಕಾಫಿ, ಗೋಡಂಬಿ ಹಾಕಿದ ಖಾರದ ಅವಲಕ್ಕಿ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದರೂ ಬಂಗಲೆಯ ಯಜಮಾನರಿಗೆ ಸಂಸ್ಥಾನದ ಗತ್ತು ಇಳಿದಿರಲಿಲ್ಲ. ನಿವೃತ್ತ ಅಧಿಕಾರಿ, ಮನೆಯೊಳಗೂ ರುಮಾಲು ತೆಗೆಯುತ್ತಿರಲಿಲ್ಲ. ಅವರೇ ಬಳಗದ ಅಧ್ಯಕ್ಷರು. ಬಳಗಕ್ಕೊಂದು ಕೈಬರಹದ ಮಾಸಪತ್ರಿಕೆ ಇತ್ತು, ಒಂದೇ ಪ್ರತಿ. ಅದು ಬಟ್ಟೆಯ ಚೀಲದಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಓದಿದವರು ಕೊನೆಯ ಖಾಲಿ ಹಾಳೆಗಳಲ್ಲಿ ಅಭಿಪ್ರಾಯ ಬರೆದು ರುಜು ಹಾಕಬೇಕು. ಒಬ್ಬರನ್ನೊಬ್ಬರು ಹೊಗಳಿಕೊಳ್ಳುವುದಕ್ಕೆ ಇಷ್ಟು ಅಗ್ಗದ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಬಳಗಕ್ಕೆ ಸೇರಬೇಕೆಂದು ನಾನು ಪ್ರಾಣ ಬಿಡುತ್ತಿದ್ದೆ. ಹಿನಕಲ್‌ನ ಒಕ್ಕಲು ಮನೆಯಿಂದ ಬಂದವನು ನಾನು. ಬಂಗಲೆಗೆ ಹೋಗುವ ದಾರಿಯುದ್ದಕ್ಕೂ "ಹಾಗೆ, ಹೀಗೆ, ಹೇಗೆ" ಎಂದು ನಾಲಿಗೆ ತಿದ್ದಿಕೊಳ್ಳುತ್ತಾ ನಡೆಯುತ್ತಿದ್ದೆ. ಅಕ್ಷರ ದುಂಡಗಿತ್ತೆಂದು ಸದಸ್ಯರ ಬರಹಗಳನ್ನು ಪತ್ರಿಕೆಯ ಹಾಳೆಗಳಿಗೆ ನಕಲು ಮಾಡುವ ಕೆಲಸ ಕೊಟ್ಟಿದ್ದರು. ಕುರ್ಚಿ ಕೊಟ್ಟಿರಲಿಲ್ಲ. ಕುರ್ಚಿ ಸದಸ್ಯರಿಗೆ ಮಾತ್ರ, ನನಗೆ ಬಾಗಿಲ ಬಳಿ ಜಮಖಾನ. ಸದಸ್ಯನಾಗಬೇಕಾದರೆ ಇಬ್ಬರ ಶಿಫಾರಸು ಬೇಕು, ಜೊತೆಗೆ ಪತ್ರಿಕೆಗೆ ಒಂದು ಸ್ವಂತ ಕೃತಿ ಕೊಡಬೇಕು. ನನ್ನ ತಲೆಯಲ್ಲಿ ಸ್ವಂತದ್ದು ಅಂತ ಏನೂ ಇರಲಿಲ್ಲ.

ಇದ್ದದ್ದು ಬನ್ನಿಮಂಟಪದ ಬೋರ್ಡು ಬರೆಯುವವನ ತಲೆಯಲ್ಲಿ. ಸೈಕಲ್ ಶಾಪಿನ ಮುಂದೆ ಕೂತು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಆ ಮನುಷ್ಯನಿಗೆ ಓದು ಬರುತ್ತಿರಲಿಲ್ಲ. ಗಿರಾಕಿಗಳು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಹೂವು ಬಳ್ಳಿ ಬರೆದ ಹಾಗೆ ನೋಡಿಕೊಂಡು ಬರೆಯುತ್ತಿದ್ದ. ಒಮ್ಮೆ ಕಂಡ ಆಕಾರ ಅವನಿಗೆ ಮರೆಯುತ್ತಿರಲಿಲ್ಲ. ಬರೆದದ್ದು ಸಾಬೂನೋ ಸಾರಾಯಿಯೋ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಬಿಡುವಾದಾಗ ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ತನ್ನ ಖುಷಿಗೆ ಚಿತ್ರ ಬರೆದು, ಕತೆ ಹೇಳುತ್ತಿದ್ದ.

ಆ ಚಿತ್ರಗಳಲ್ಲಿ ಒಂದು ಪಿಶಾಚಿ ಇತ್ತು. ಹುಣಸೆಮರಕ್ಕೆ ಹೋದರೆ ಅಲ್ಲಿದ್ದ ಹಳೆಯ ಪಿಶಾಚಿಗಳು "ನಿಂದು ಯಾವ ಕೊಂಬೆ?" ಎಂದು ಕೇಳಿ ಓಡಿಸಿದ್ದವು. ಇನ್ನೊಬ್ಬ ಹಲಸಿನಹಣ್ಣಿನ ತಲೆಯ ಗುಮಾಸ್ತ, ಯಾವ ಟೋಪಿಯೂ ಹಿಡಿಸದೆ ಕಚೇರಿಯಿಂದ ಹೊರಬಿದ್ದವನು. ಮೂರನೆಯವಳು ನೆರಳಿಲ್ಲದ ಹೆಂಗಸು. ಅವಳ ನೆರಳು ಅವಳ ಸಹವಾಸ ಸಾಕೆಂದು ಯಾರದೋ ದೊಡ್ಡ ಮನೆ ಸೇರಿಕೊಂಡಿತ್ತು. ಮೂವರನ್ನೂ ಯಾವ ಊರಿನವರೂ ಸೇರಿಸುವುದಿಲ್ಲ. ಕೊನೆಗೆ ತಾವೇ ಒಂದು ಊರು ಕಟ್ಟುತ್ತಾರೆ. ಕಟ್ಟಿದ ಮೊದಲ ದಿನವೇ ಅದಕ್ಕೊಂದು ಗೇಟು ಹಾಕಿ, ಪಿಶಾಚಿಯ ಕೈಗೆ ದೊಣ್ಣೆ ಕೊಟ್ಟು, ಯಾರನ್ನೂ ಒಳಗೆ ಬಿಡಬೇಡ ಎನ್ನುತ್ತಾರೆ! ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಅವನು ಹೇಳಿದ ಮಾತನ್ನೇ ಚಿತ್ರಗಳ ಕೆಳಗೆ ಬರೆದೆ, ಅಷ್ಟೇ ನನ್ನ ಪಾಲು.

ಪತ್ರಿಕೆಗೆ ಕೊಡಲೇ ಎಂದು ಕೇಳಿದಾಗ ಅವನು ಬಯಸಿದ್ದು ಒಂದೇ. "ನನ್ನೆಸ್ರು ಆಕ್ಸಿ ಸ್ವಾಮಿ. ಮೈಸೂರೋರ ಎಸ್ರೆಲ್ಲ ನಾನೇ ಬರ್ದಿವ್ನಿ. ನಂದು ಮಾತ್ರ ಎಲ್ಲೂ ಇಲ್ಲ. ಎಂಗದೆ ಅಂತ ಒಂದ್ಸಲ ನೋಡ್ಬುಡ್ಬೇಕು."

"ಅದಕ್ಕೇನಂತೆ, ಹಾಕಿಸೋಣ" ಅಂದೆ.

ಭಾನುವಾರ ಬಳಗದವರು ಆ ಚಿತ್ರಕತೆಯ ಮೇಲೆ ಮುಗಿಬಿದ್ದರು. ಅಧ್ಯಕ್ಷರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವಕೀಲರೊಬ್ಬರಿಗೆ ಅದರಲ್ಲಿ ಮಾನವಕುಲದ ಅನಾಥಭಾವ ಕಂಡಿತು. ಗೇಟಿನ ಚಿತ್ರ ಯಾರ ಮುಖಕ್ಕೆ ಹಿಡಿದ ಕನ್ನಡಿ ಎಂದು ಮಾತ್ರ ಆ ಎಂಟು ಹತ್ತು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಇಷ್ಟೊಂದು ಓದಿ ಇಷ್ಟು ದಡ್ಡರಾಗಿ ಉಳಿಯಲು ಬಹಳ ಕಷ್ಟಪಟ್ಟಿರಬೇಕು.

ಚಿತ್ರ ಬರೆದವನ ಹೆಸರನ್ನೂ ಹಾಕಬೇಕೆಂದು ನಾನು ಮೆಲ್ಲಗೆ ಹೇಳಿ, ಅವನು ಯಾರೆಂದು ತಿಳಿಸಿದೆ.

"ಬೋರ್ಡು ಬರೆಯೋನೆ?" ಅಧ್ಯಕ್ಷರು ಹುಬ್ಬೇರಿಸಿದರು. "ಅಲ್ರೀ, ಈ ಕುರ್ಚಿ ಮಾಡಿದ ಬಡಗಿ ಹೆಸರನ್ನ ಕುರ್ಚಿ ಮೇಲೆ ಕೆತ್ತಿಸಿದ್ದೀವೇನ್ರೀ? ಸದಸ್ಯರಲ್ಲದವರ ಹೆಸರು ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಕಲ್ಪನೆ ನಿಮ್ಮದು ತಾನೆ?"

"ಹೌದು" ಅಂದೆ.

ಕೂಡಲೇ ಇಬ್ಬರು ನನಗೆ ಶಿಫಾರಸು ಮಾಡಿದರು. ಒಳಗಿನಿಂದ ಒಂದು ಕುರ್ಚಿ ಬಂತು. ಅದರ ಬೆತ್ತ ನಡುವೆ ಹರಿದಿತ್ತು. ನಾಚಿಕೆಗೆಟ್ಟವನು, ಅದರಲ್ಲೇ ಕೂತೆ.

ಪತ್ರಿಕೆಯ ಸರದಿ ನನಗೆ ಬಂದಾಗ ಅದನ್ನು ಬನ್ನಿಮಂಟಪಕ್ಕೆ ಒಯ್ದೆ. ಅವನು ಸೀಮೆಎಣ್ಣೆಯಲ್ಲಿ ಕೈಯ ಬಣ್ಣ ತೊಳೆದು, ಪಂಚೆಗೆ ಒರೆಸಿಕೊಂಡು, ಆದರೂ ಹಾಳೆ ಮುಟ್ಟದೆ ಬಗ್ಗಿ ನೋಡಿದ. "ಎಲ್ಲದೆ ಸ್ವಾಮಿ ನನ್ನೆಸ್ರು?" ಅಂದ. ಹಾಳೆಯ ಮೇಲಿದ್ದದ್ದು ಒಂದೇ ಹೆಸರು, ನನ್ನದು. ಅದರ ಮೇಲೆ ಬೆರಳಿಟ್ಟು "ಇಲ್ಲಿ" ಅಂದೆ. ಓದು ಬಾರದವನಿಗೆ ಏನು ಗೊತ್ತಾಗುತ್ತದೆ ಎಂಬ ಧೈರ್ಯ. ಅದನ್ನು ನನಗೆ ಯಾದವಗಿರಿ ಕಲಿಸಿತು ಎಂದು ಹೇಳಿ ಜಾರಿಕೊಳ್ಳಬಹುದು, ಆದರೆ ಆ ನೀಚತನ ನನ್ನದೇ. ಅವನು ಬಹಳ ಹೊತ್ತು ಆ ಹೆಸರನ್ನು ನೋಡಿದ. ಕಣ್ಣು ತುಂಬಿ ಬಂತು. "ಚೆಂದಾಗದೆ ಕಣ್ರೀ" ಅಂದ.

ಆರೇಳು ತಿಂಗಳಾದ ಮೇಲೆ ಅವನು ಅದೇ ಬೀದಿಯಲ್ಲಿ ಸ್ವಂತಕ್ಕೊಂದು ಮಳಿಗೆ ಹಿಡಿದ. ಪೂಜೆಗೆ ಬರಲೇಬೇಕೆಂದು ಕರೆದ. ಹೋದೆ. ಬಾಗಿಲ ಮೇಲೆ ಹೊಸ ಬೋರ್ಡು ಹೊಡೆದು ಬಟ್ಟೆ ಮುಚ್ಚಿದ್ದ. ಅದನ್ನು ನಾನೇ ತೆಗೆಯಬೇಕಂತೆ. "ಯಾರತ್ರಾನೂ ಚೀಟಿ ಬರಿಸ್ನಿಲ್ಲ ಸ್ವಾಮಿ. ಅವತ್ತು ನೀವು ತೋರ್ಸಿದ್ದು ಅಂಗೇ ಗ್ಯಾಪ್ಕ ಇತ್ತು" ಅಂದ. ಬಟ್ಟೆ ಎಳೆದೆ. ನೀಲಿಯ ಮೇಲೆ ಹಳದಿ ಅಂಚಿನ ಕೆಂಪು ಅಕ್ಷರಗಳಲ್ಲಿ ನನ್ನ ಹೆಸರಿತ್ತು. ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು.

ಪಕ್ಕದ ಟೀ ಅಂಗಡಿಯವನು ಗಟ್ಟಿಯಾಗಿ ಓದಿ, "ಇದ್ಯಾರ ಎಸ್ರಯ್ಯ?" ಅಂದ.

"ನಂದೇ ಕಣಣ್ಣ! ಬೇಕಾದ್ರೆ ಇವ್ರ್‌ನ ಕೇಳು, ಇವ್ರೇ ತೋರ್ಸಿದ್ದು." ನಗುತ್ತಲೇ ನನ್ನ ಕಡೆ ತಿರುಗಿದ. "ಯೋಳಿ ಸ್ವಾಮಿ, ಅವನ್ಗೆ."

ಸುತ್ತ ನಿಂತವರೆಲ್ಲ ನನ್ನನ್ನೇ ನೋಡಿದರು. "ಅದು ನನ್ನ ಹೆಸರು" ಅಂದೆ.

ಅವನು ಬಯ್ಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಎದುರು ಹೇಳಿ ಉಳಿದುಕೊಳ್ಳುತ್ತಿದ್ದೆನೇನೋ. ಏಣಿ ಹತ್ತಿ, ಮೊಳೆ ಕಿತ್ತು, ಬೋರ್ಡು ಇಳಿಸಿ ನನ್ನ ತೋಳಿಗೆ ಹೊರಿಸಿದ.

"ನಿಮ್ದೇ ತಾನೆ, ತಗೊಂಡೋಗಿ. ಇಲ್ಲಿ ಮಡೀಕಂಡು ನಾನೇನ್ ಮಾಡ್ಲಿ?"

ಆಳುದ್ದದ ಹಲಗೆ. ಎಲ್ಲಾದರೂ ಚರಂಡಿಗೆ ಎಸೆಯೋಣವೆಂದರೆ ಹಾಡುಹಗಲು, ಅದರ ಮೇಲೆ ನನ್ನ ಹೆಸರು. ಹೊತ್ತುಕೊಂಡು ಹಿನಕಲ್‌ವರೆಗೂ ನಡೆದೆ. ದಾರಿಯಲ್ಲಿ ಓದು ಬರುವವರೆಲ್ಲ ಒಮ್ಮೆ ಹಲಗೆ ಓದಿ, ಒಮ್ಮೆ ನನ್ನ ಮುಖ ನೋಡಿದರು.